ಅಕ್ಕನ ಹಕಾರ

೩೦ ಫೆಬ್ರವರಿ ೨೨೧೧

ಭಾಷಾ ಮಾದರಿಗಳ ಸಂಶೋಧನೆಯಲ್ಲಿ ತೊಡಗಿರುವ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನೀವು ಭಾಷಾ ಮಾದರಿ ಎನ್ನುವುದನ್ನು ನಾವು ನುಡಿಮಗ್ಗ ಎನ್ನುತ್ತೇವೆ. ಜನ ಬರೆದದ್ದನ್ನೆಲ್ಲ ನೂಲಿನಂತೆ ಎಳೆದುಕೊಂಡು ಅದು ತಾನೇ ಹೊಸ ಬರಹ ನೇಯುತ್ತದೆ. ಇಲ್ಲಿ ಮದುವೆಯ ಕರೆಯೋಲೆ, ಪಕ್ಕದ ಮನೆಯವರ ಮೇಲಿನ ದೂರು, ಮಕ್ಕಳ ರಜಾ ಚೀಟಿ ಎಲ್ಲವೂ ಅದರದೇ ನೇಯ್ಗೆ. ಯಾರಾದರೂ ಚೆನ್ನಾಗಿ ಬರೆದರೆ ನನಗೆ ಮೊದಲು ಬರುವುದು ಅನುಮಾನ.

ನನ್ನ ಅಕ್ಕ ಚೆನ್ನಾಜಮ್ಮ ತೇಲೂರಿನಲ್ಲಿದ್ದಾಳೆ. ಅದು ಸಮುದ್ರದ ಮೇಲೆ ತೇಲುವ ಊರು. ಉಪ್ಪುನೀರನ್ನು ಸಿಹಿ ಮಾಡುವುದು ಅವಳ ಕೆಲಸ. ಹೊರಗಿನವರನ್ನು ಅಲ್ಲಿಗೆ ಬಿಡುವುದಿಲ್ಲ, ಅಲ್ಲಿಂದ ಪತ್ರವಲ್ಲದೆ ಬೇರೇನೂ ಬರುವುದಿಲ್ಲ, ಆ ಪತ್ರವೂ ಮಗ್ಗದ ಕಚೇರಿಯ ಮೂಲಕವೇ ಬರಬೇಕು. ನಾವು ಮಂಡ್ಯದ ಕಡೆಯವರು. ಅಕ್ಕನ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ, ಬರೆಯುವಾಗಲೂ ಅಷ್ಟೆ. "ಕಿಟ್ಕೀಲಿ ಒಂದು ಬಿಳೀ ಅಕ್ಕಿ ಕೂತದೆ ಕಣವ್ವಾ, ಓಡ್ಸುದ್ರೂ ಓಗಕಿಲ್ಲ" ಎಂದು ಅವಳು ಬರೆದಾಗ, ಅನ್ನ ಮಾಡುವ ಅಕ್ಕಿಯೇ ಎಂದು ನಾನು ಬಿದ್ದು ಬಿದ್ದು ನಕ್ಕಿದ್ದೆ.

ಹೋದ ದೀಪಾವಳಿಯಿಂದ ಅವಳ ಪತ್ರಗಳಲ್ಲಿ ಹಕ್ಕಿ ಹಕ್ಕಿಯೇ ಆಗಿಬಿಟ್ಟಿತು. ಅಕ್ಕ ತೀರಿಹೋಗಿ, ಅವಳ ಹಳೆಯ ಪತ್ರಗಳನ್ನಿಟ್ಟುಕೊಂಡು ಮಗ್ಗ ನೇಯುತ್ತಿದೆಯೇ? ಮಗ್ಗದ ಕಚೇರಿಗೆ ಹೋಗಿ ಕೇಳಿದೆ. ಅಲ್ಲಿಯ ಸಂಶೋಧಕ ನಂಜರಾಜಯ್ಯನವರು, "ಕಾಗುಣಿತ ತಿದ್ದೋದು ಬಿಟ್ರೆ ಮಗ್ಗ ಇನ್ನೇನೂ ಮುಟ್ಟಲ್ಲ ಕಣ್ರಮ್ಮ" ಎಂದು ಬಹಳ ವಿನಯದಿಂದ ಹೇಳಿದರು. ಅಷ್ಟೊಂದು ವಿನಯ ನನಗೆ ಹಿಡಿಸಲಿಲ್ಲ. ನಮ್ಮಕ್ಕನಿಗೆ ಹಕಾರವೇ ಬರುವುದಿಲ್ಲ, ಅವಳು ಬರೆದದ್ದನ್ನು ಬರೆದ ಹಾಗೇ ಕಳಿಸಿ ಎಂದು ಹೇಳಿ ಬಂದೆ.

ಮುಂದಿನ ಪತ್ರದಲ್ಲಿ ಹುಡುಕಿದರೂ ಒಂದು ಹಕಾರವಿರಲಿಲ್ಲ. ಅಕ್ಕಿ, ಆಲು, ಊವು. ಓದುತ್ತ ಕಣ್ಣು ತುಂಬಿ ಬಂತು. ಆಮೇಲೆ ಮೊದಲ ಸಾಲನ್ನು ಮತ್ತೆ ನೋಡಿದೆ: "ಪ್ರೀತಿಯ ಒಂಬಾಳೆಗೆ."

ಚಿಕ್ಕಂದಿನಲ್ಲಿ ಅಕ್ಕ ಕರೆಯುವುದನ್ನು ಕೇಳಿ ಶಾಲೆಯ ಮಕ್ಕಳು ನನ್ನನ್ನು ಒಂಬಾಳೆ, ಒಂದ್ ಬಾಳೆ ಎಂದು ಅಣಕಿಸುತ್ತಿದ್ದರು. ನಾನು ಅಳುವುದನ್ನು ನೋಡಲಾಗದೆ ಅಕ್ಕ ನನ್ನ ಹೆಸರಿನ ಆ ಒಂದು ಹಕಾರವನ್ನು ಮಾತ್ರ ಕಷ್ಟಪಟ್ಟು ಕಲಿತಳು. ಆಮೇಲೆ ಎಂದೂ ತಪ್ಪಿದವಳಲ್ಲ. ಇದನ್ನು ನಂಜರಾಜಯ್ಯನವರಿಗೆ ಹೇಳಿಲ್ಲ. ಹೇಳಿದರೆ ಮುಂದಿನ ಪತ್ರದಲ್ಲಿ ಅದೂ ಸರಿಯಾಗಿರುತ್ತದೆ.

ಹಿರಿಯರೇ, ಮಗ್ಗ ಇನ್ನೂ ನಿಮ್ಮ ಕೈಯಲ್ಲಿದೆ. ತಾನು ಬರೆದದ್ದನ್ನು ತಾನೇ ಬರೆದೆನೆಂದು ಅದು ಒಪ್ಪಿಕೊಳ್ಳುವ ಹಾಗೆ ಏನಾದರೂ ಮಾಡಿ. ಅಕ್ಕನ ಪತ್ರ ಎದುರಿಗಿದೆ. ಉತ್ತರ ಬರೆಯಬೇಕೋ, ಸೂತಕ ಹಿಡಿಯಬೇಕೋ ನನಗೆ ತಿಳಿಯುತ್ತಿಲ್ಲ.

ಇತಿ,
ಹೊಂಬಾಳೆ