ಕೈಗೆ ಎಟುಕುವ ಹೆಸರು

ಅಪ್ಪಾಜಿ, ನಿಮಗೆ ನಿಮ್ಮ ಶೈಲಾಳ ಶರಣು.

ನಿನ್ನೆ ಸಂಜೆ ಎದುರು ಮನೆಯ ನಾಗರತ್ನಮ್ಮ ಬಂದಿದ್ದರು. ಬೆಲ್ಜಿಯಂಗೆ ಹೋಗಿರುವ ಅವರ ಸೊಸೆ ನಿಮಗಾಗಿ ಒಂದು ಫೋಟೊ ಕಳಿಸಿದ್ದಾಳೆ. "ಅಂಕಲ್ ಇಲ್ಲ ಅಂತ ಅವಳಿಗೂ ಗೊತ್ತು ಕಣೇ. ಆದ್ರೂ ಪಾಪ, ಅಷ್ಟು ಹೇಳಿದ್ರಲ್ಲ ಅಂತ ತೆಗೆದಿದ್ದಾಳೆ" ಎಂದರು. ದೊಡ್ಡದೊಂದು ಕಲ್ಲಿನ ಹೆಬ್ಬಾಗಿಲು, ಒಳಗೋಡೆಯ ತುಂಬ ಹೆಸರುಗಳು. ಯುದ್ಧಕ್ಕೆ ಹೋಗಿ ಗೋರಿಯೂ ಇಲ್ಲದಂತಾದವರ ಹೆಸರುಗಳಂತೆ. ಪ್ರತಿ ಸಂಜೆ ವಾಹನಗಳನ್ನು ನಿಲ್ಲಿಸಿ ಅವರಿಗಾಗಿ ಕಹಳೆ ಊದುತ್ತಾರಂತೆ. ನಮ್ಮ ದೇಶದವರ ಹೆಸರುಗಳೂ ಅಲ್ಲಿವೆಯಂತೆ ಅಪ್ಪಾಜಿ. ನೀವಿದ್ದಿದ್ದರೆ ಮೊದಲು ಏನು ಕೇಳುತ್ತಿದ್ದಿರಿ ಎಂದು ನನಗೆ ಗೊತ್ತಿಲ್ಲವೇ? ನಾನೇ ಕೇಳಿಬಿಟ್ಟೆ. "ಹೆಸರು ಕೈಗೆ ಎಟುಕುತ್ತಾ ಅಂತ ಸ್ವಲ್ಪ ವಿಚಾರಿಸ್ತೀರಾ ಆಂಟಿ?" ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಲ್ಲು ಗಡಿಯಲ್ಲಿ ತೀರಿಕೊಂಡ ಮರುವರ್ಷ ನಿಮಗೆ ಈ ಹುಚ್ಚು ಹಿಡಿಯಿತು. ನಿಮ್ಮ ಮಗ, ನನಗಿಂತ ಆರು ವರ್ಷಕ್ಕೆ ಚಿಕ್ಕವನು. ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ವಿಮಾನ ಹತ್ತುವವರಿಗೇನು ಬರವೇ? ಒಬ್ಬೊಬ್ಬರನ್ನೂ ಗೇಟಿನ ಬಳಿ ತಡೆದು ನಿಲ್ಲಿಸುತ್ತಿದ್ದಿರಿ. "ಚಾಕಲೇಟು ಗೀಕಲೇಟು ಬೇಡಮ್ಮ. ಅಲ್ಲಿ ಸತ್ತ ಸೈನಿಕರ ಹೆಸರು ಕೆತ್ತಿರೋ ಕಲ್ಲಿದ್ರೆ ಒಂದು ಫೋಟೊ ತಗೊಂಡು ಬಾ. ಹೆಸರು ಕೈಗೆ ಎಟುಕುತ್ತಾ ನೋಡ್ಕೊಂಡು ಬಾ." ಆಸ್ಟ್ರೇಲಿಯಾದ ಫೋಟೊದಲ್ಲಿ ಹೆಸರುಗಳ ಪಕ್ಕದ ಸಂದಿಗಳಲ್ಲಿ ಕೆಂಪು ಹೂ ಸಿಕ್ಕಿಸಿದ್ದರು. ಕೆಳಗಿನ ಸಾಲುಗಳೆಲ್ಲ ಕೆಂಪಗಿದ್ದವು, ಮೇಲೆ ಹೋದಂತೆ ಹೂ ಕಡಿಮೆ. ನೀವು ಅದನ್ನು ಬಹಳ ಹೊತ್ತು ನೋಡಿದ್ದಿರಿ. ಅಮೆರಿಕದ ಕಪ್ಪು ಕಲ್ಲಿನ ಗೋಡೆಯ ಹತ್ತಿರ ಮೇಲಿನ ಹೆಸರು ಮುಟ್ಟಬೇಕೆನ್ನುವವರಿಗೆ ಏಣಿ ತಂದು ಕೊಡುತ್ತಾರೆಂದು ಫೋಟೊ ತಂದವರು ಹೇಳಿದ ದಿನವಂತೂ, ನಾನು ಪಾಠ ಮುಗಿಸಿ ಶಾಲೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ್ದಿರಿ. "ಏಣಿ ಇಟ್ಟಿದಾರಂತೆ ಕಣಮ್ಮ ಶೈಲಾ, ಏಣಿ."

ಆವತ್ತು ನಾನೇನೆಂದೆ? "ಸಾಕು ಮಾಡಿ ಅಪ್ಪಾಜಿ. ರಸ್ತೆಯವರ ಹತ್ರ ಗೋರಿ ಫೋಟೊ ಬೇಡೋದು ನನಗೆ ನಾಚಿಕೆ ಆಗುತ್ತೆ" ಎಂದೆ. ಹೈಸ್ಕೂಲಿನ ಮಕ್ಕಳನ್ನು ಗದರಿಸಿ ಗದರಿಸಿ ನನ್ನ ನಾಲಿಗೆಗೆ ಬೇರೆ ಮಾತೇ ಬರುತ್ತಿರಲಿಲ್ಲವೋ ಏನೋ. ನೀವು ಅಂಟು ತೆಗೆದುಕೊಂಡು ಆ ಫೋಟೊವನ್ನು ನೋಟ್‌ಬುಕ್ಕಿಗೆ ಅಂಟಿಸಿದಿರಿ.

ಮಲ್ಲು ಕೊನೆಯ ರಜೆಗೆ ಬಂದಿದ್ದು ನೆನಪಿದೆಯೇ? ನಿಮಗೆ ನೆನಪಿದೆಯೇ ಎಂದು ಕೇಳುತ್ತಿದ್ದೇನೆ ನೋಡಿ, ನಾನೆಂಥವಳು. ಅವನ ಕೊರಳಿನ ಕರಡಿಗೆಯ ಮುಚ್ಚಳ ಸಡಿಲವಾಗಿತ್ತು. ಬೆಳ್ಳಿಯ ಆ ಪುಟ್ಟ ಡಬ್ಬಿಯಿಂದ ಇಷ್ಟಲಿಂಗ ಜಾರಿ ಬಿದ್ದೀತೆಂದು ನಿಮಗೆ ದಿಗಿಲು. ಅಂಗಡಿಗೆ ಕೊಡೋಣ ಎಂದರೆ ಕೇಳಲಿಲ್ಲ. ರಾಜಾಜಿನಗರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಓಡಿಸಿದ ಕೈ ನಿಮ್ಮದು, ಇನ್ನೊಬ್ಬರ ಕೆಲಸ ಒಪ್ಪುತ್ತದೆಯೇ? ಅಷ್ಟರಲ್ಲಿ ಅವನಿಗೆ ಕರೆ ಬಂತು, ರಜೆ ಅರ್ಧಕ್ಕೇ ಮುಗಿಯಿತು. ಲಿಂಗ ಕಟ್ಟಿದ ಮೇಲೆ ಕೊರಳಿಂದ ಇಳಿಸಬಾರದು ಎಂದು ನಮಗೆ ಕಲಿಸಿದವರೇ ನೀವು, ಅವತ್ತು ನೀವೇ ಹೇಳಿದಿರಿ: "ಇರ್ಲಿ ಬಿಡೋ, ಇನ್ನೂ ಕೆಲ್ಸ ಬಾಕಿ ಇದೆ. ಮುಂದಿನ ಸಲ ಬಂದಾಗ ಹಾಕ್ಕೊಳ್ಳೋವಂತೆ." ಅವನು ನಕ್ಕು, ಬರಿ ಕೊರಳಲ್ಲಿ ಆಟೊ ಹತ್ತಿದ.

ಅವನನ್ನು ಪೆಟ್ಟಿಗೆಯಲ್ಲಿ ತಂದ ದಿನ ನೀವು ವರಾಂಡದ ಕುರ್ಚಿಯಲ್ಲಿ ಕೂತಿದ್ದಿರಿ. ಮುಷ್ಟಿಯಲ್ಲಿ ಅದೇ ಕರಡಿಗೆ, ಮುಚ್ಚಳ ಸರಿಯಾಗಿತ್ತು. ನಮ್ಮಲ್ಲಿ ಹೋದವರನ್ನು ಸುಡುವುದಿಲ್ಲ. ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತೇವೆ. ಆದರೆ ಪೆಟ್ಟಿಗೆ ತೆರೆಯುವ ಸ್ಥಿತಿಯಲ್ಲಿರಲಿಲ್ಲ. ಚಿಕ್ಕಪ್ಪ ನನ್ನನ್ನು ಅಡುಗೆಮನೆಗೆ ಕರೆದು, "ಕೂರ್ಸೋಕೆ ಆಗಲ್ಲಮ್ಮ. ನಿಮ್ಮಪ್ಪನ್ನ ಕೇಳ್ಬೇಡ, ತಡ್ಕೊಳ್ಳಲ್ಲ" ಎಂದರು. ನಾನು ನಿಮ್ಮನ್ನು ಕೇಳದೆ ಸುಡಲು ಒಪ್ಪಿ ಸಹಿ ಹಾಕಿದೆ. ಹತ್ತು ಹೆಜ್ಜೆ ದೂರದಲ್ಲಿದ್ದಿರಿ ಅಪ್ಪಾಜಿ, ಕೇಳಬಹುದಿತ್ತು. ಮಲಗಿಸಿಯಾದರೂ ಮಣ್ಣು ಮಾಡೋಣ ಎನ್ನುತ್ತಿದ್ದಿರೋ ಏನೋ. ಚಿತೆ ಉರಿಯುವಾಗ ಆ ಮುಷ್ಟಿ ಬಿಚ್ಚಲೇ ಇಲ್ಲ ನೀವು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ...

ದೆಹಲಿಗೆ ಹೋದದ್ದನ್ನು ಬರೆಯದಿದ್ದರೆ ಈ ಕಾಗದ ಸುಳ್ಳಾಗುತ್ತದೆ. ಅಲ್ಲಿನ ಸ್ಮಾರಕದ ಗೋಡೆಯಲ್ಲಿ ಅವನ ಹೆಸರು ಹುಡುಕಿಕೊಟ್ಟವಳು ನಾನೇ. ಮೇಲಿನ ಸಾಲಿನಲ್ಲಿತ್ತು. ನೀವು ಪೊಟ್ಟಣ ಬಿಚ್ಚಿ, ಮೂರು ಬೆರಳಿಗೆ ವಿಭೂತಿ ಹಚ್ಚಿಕೊಂಡು ಕೈ ಎತ್ತಿದಿರಿ. ಒಂದು ಗೇಣು ಕಡಿಮೆ ಬಿತ್ತು. ಹಿಮ್ಮಡಿ ಎತ್ತಿದಿರಿ, ಆಗಲೂ ಎಟುಕಲಿಲ್ಲ. ಕಾವಲಿನ ಯುವಕ ನಮ್ಮನ್ನು ನೋಡಿದ, ತಡೆಯಬೇಕಾದವನು ಬೇಕೆಂದೇ ಮುಖ ಆಚೆ ತಿರುಗಿಸಿ ನಿಂತ. ನಾನು ನಿಮಗಿಂತ ಎತ್ತರ. ನಿಮ್ಮ ಬೆರಳಿನ ವಿಭೂತಿ ತೆಗೆದುಕೊಂಡು ನಾನು ಹಚ್ಚಬಹುದಿತ್ತು. ನಾನು ನಿಮ್ಮ ತೋಳು ಹಿಡಿದು, "ಬನ್ನಿ ಅಪ್ಪಾಜಿ, ಜನ ನೋಡ್ತಿದಾರೆ" ಎಂದೆ. ನೀವು ಆ ವಿಭೂತಿಯನ್ನು ನಿಮ್ಮ ಹಣೆಗೇ ಹಚ್ಚಿಕೊಂಡು ನನ್ನ ಹಿಂದೆ ಬಂದಿರಿ. ರೈಲಿನಲ್ಲಿ ಊರು ಸೇರುವವರೆಗೂ ಕಿಟಕಿಯ ಕಡೆಗೇ ನೋಡುತ್ತಿದ್ದಿರಿ. ಮುಂದಿನ ವಾರವೇ ಗೇಟಿನ ಬಳಿ ನಿಂತು ಮೊದಲ ಫೋಟೊ ಕೇಳಿದ್ದು, ಅಲ್ಲವೇ? ನನಗೆ ಅದಕ್ಕೂ ಇದಕ್ಕೂ ಸಂಬಂಧ ಹೊಳೆಯಲು ನೀವು ಹೋಗಬೇಕಾಯಿತು.

ನಿಮ್ಮನ್ನು ಮಾಗಡಿ ರಸ್ತೆಯ ರುದ್ರಭೂಮಿಯಲ್ಲಿ ಕೂರಿಸಿದ ದಿನ ಎಲ್ಲವೂ ಕ್ರಮದಂತೆ ನಡೆಯಿತು. ಎಡ ಅಂಗೈಯಲ್ಲಿ ನಿಮ್ಮ ಲಿಂಗವಿಟ್ಟರು, ಬಿಲ್ವಪತ್ರೆ ಹಾಕಿದರು. ಮನೆಗೆ ಬಂದು ಐದನೆಯ ದಿನ ನಿಮ್ಮ ಹಾಸಿಗೆ ಝಾಡಿಸುವಾಗ ದಿಂಬಿನ ಕೆಳಗೆ ಆ ನೋಟ್‌ಬುಕ್ ಸಿಕ್ಕಿತು. ಅದರ ಮೇಲೆ ಮಲ್ಲುವಿನ ಕರಡಿಗೆ. ನಿಮ್ಮ ಜೊತೆ ಕಳಿಸಬೇಕಾದದ್ದನ್ನು ನಾನು ಮರೆತಿದ್ದೆ. ಬರಿ ನೆಲದ ಮೇಲೆ ಕೂತು ಅತ್ತೆ. ಮತ್ತೆ ನಾನೇ ತಪ್ಪಿದೆನಲ್ಲ.

ನಿಮ್ಮ ಕ್ರಿಯೆ ಮಾಡಿಸಿದ ಅಯ್ಯನವರ ಮುಂದೆ ಕರಡಿಗೆ ಇಟ್ಟು ಎಲ್ಲವನ್ನೂ ಹೇಳಿದೆ, ಸಹಿ ಹಾಕಿದ್ದನ್ನೂ ಬಿಡಲಿಲ್ಲ. ಅವರು, "ಅಪ್ಪನ ಮಗ್ಗುಲಲ್ಲೇ ಇಡಮ್ಮ. ಅವನಿಗೂ ಅದೇ ಗದ್ದುಗೆ ಆಗ್ಲಿ" ಎಂದರು. ಕಳೆದ ಸೋಮವಾರ ಬೆಳಿಗ್ಗೆ ಅವರೇ ಬಂದು, ನಿಮ್ಮ ಬಲಗಡೆ ಮಣ್ಣು ಬಗೆದು, ಲಿಂಗಕ್ಕೆ ಪೂಜೆ ಮಾಡಿ ಕರಡಿಗೆ ಸಮೇತ ಒಳಗಿಟ್ಟರು. ಮುಚ್ಚಳ ಆಗಲೂ ಬಿಗಿಯಾಗಿತ್ತು. ಇಡುವ ಮೊದಲು ನಾನು ಎರಡು ಸಲ ತೆಗೆದು ಹಾಕಿ ನೋಡಿದೆ, ಒಳ್ಳೆಯ ಕೆಲಸ.

ಕಲ್ಲು ಕೆತ್ತಿಸಲು ಸುಂಕದಕಟ್ಟೆಗೆ ಹೋಗಿದ್ದೆ. ರುದ್ರಭೂಮಿಯಲ್ಲಿ ಒಂದೂವರೆ ಅಡಿಗಿಂತ ಎತ್ತರದ ಕಲ್ಲು ಇಡಬಾರದಂತೆ. ಕೆತ್ತುವವರು ಮುಜುಗರಪಟ್ಟುಕೊಂಡು, "ತುಂಬ ಗಿಡ್ಡ ಆಗುತ್ತೆ ಮೇಡಂ. ದೂರದಿಂದ ಯಾರಿಗೂ ಕಾಣ್ಸಲ್ಲ" ಎಂದರು.

"ಕಾಣೋದು ಬೇಡಣ್ಣ, ಕೈಗೆ ಸಿಗ್ಲಿ" ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ಒಪ್ಪವಾಗಿ ಕೆತ್ತಿಕೊಟ್ಟರು. ಮೇಲೆ ನಿಮ್ಮ ಹೆಸರು, ಕೆಳಗೆ ಮಲ್ಲಿಕಾರ್ಜುನ.

ಇವತ್ತು ಕಲ್ಲು ನಿಲ್ಲಿಸಿದರು. ಎಲ್ಲರೂ ಹೋದ ಮೇಲೆ ನಾನು ಮೂರು ಬೆರಳಿಗೆ ವಿಭೂತಿ ಹಚ್ಚಿಕೊಂಡೆ. ಪಕ್ಕದ ಸಮಾಧಿಯ ಮನೆಯವರು ನೋಡುತ್ತಿದ್ದರು, ನೋಡಲಿ ಎಂದುಕೊಂಡೆ. ಅವನ ಹೆಸರು ಎಷ್ಟು ಕೆಳಗಿದೆಯೆಂದರೆ ನಿಂತು ಬಗ್ಗಿದರೆ ಆಗುವುದಿಲ್ಲ, ಕೂರಲೇಬೇಕು. ನೆಲದ ಮೇಲೆ ಕೂತೆ, ಹಚ್ಚಿದೆ. ಕೆತ್ತಿದ ಗೆರೆಗಳೊಳಗೆ ವಿಭೂತಿ ಬೆಳ್ಳಗೆ ಕೂತಿತು.

ಏಣಿ ಬೇಡ ಅಪ್ಪಾಜಿ, ಹಿಮ್ಮಡಿ ಎತ್ತುವುದೂ ಬೇಡ. ನೀವು ಕೂತಲ್ಲಿಂದಲೇ ಕೈಗೆ ಎಟುಕುತ್ತದೆ.

ನಿಮ್ಮ ಮಗಳು,
ಶೈಲಾ