ದೋಸೆ ಹೆಂಚು, ತಾಮ್ರದ ಚೊಂಬು

ಶ್ರೀಲಕ್ಷ್ಮಿ,

ಗೀಸರಿನ ವಾಲ್ವ್ ಮುಚ್ಚಿದ್ದೇನೆ, ತೆರೆಯಬೇಡ. ಸ್ನಾನಕ್ಕೆ ನೀರು ಕಾಯಿಸಿಟ್ಟಿದ್ದೇನೆ.

ಯಾವ ಪೈಪಿಗೆ ಯಾವ ಲೋಹ ಎಂದು ಆಫೀಸಿನಲ್ಲಿ ಊರಿಗೆಲ್ಲ ಹೇಳುವ ನಾನೇ ಮನೆಯಲ್ಲಿ ಗೀಸರಿನ ತಾಮ್ರದ ಪೈಪನ್ನು ನೇರ ಕಬ್ಬಿಣದ ಪೈಪಿಗೆ ಜೋಡಿಸಿದೆ, ನಡುವೆ ಹಿತ್ತಾಳೆಯ ತುಂಡೂ ಹಾಕದೆ. "ಒದ್ದೆ ತಾಮ್ರದ ಚೊಂಬು ಇಟ್ರೆ ದೋಸೆ ಹೆಂಚಿಗೆ ತುಕ್ಕು ಹಿಡಿಯುತ್ತಲ್ಲಾ ರೀ" ಎಂದು ನೀನು ಅಂದಾಗ ನಕ್ಕಿದ್ದೆ. ಈಗ ಆ ಕಬ್ಬಿಣದ ಪೈಪು ತುಕ್ಕು ಹಿಡಿದು ಸೋರಿ, ಕೆಳಗಿನ ಮನೆಯವರ ಸೀಲಿಂಗ್ ತೊಯ್ದಿದೆ.

ಅದು ಸಾಲದು ಅಂತ ನಿನ್ನೆ ಕೆಳಗಿನ ಮನೆಯ ಭಾಭಿಯ ಮುಂದೆ, "ಪ್ಲಂಬರ್ ಭಯ್ಯಾ ಕೆಡಿಸಿದ" ಅಂದುಬಿಟ್ಟೆ. ಪಾಪ, ಅವನು ಅದನ್ನು ಮುಟ್ಟಿಯೇ ಇರಲಿಲ್ಲ. ಅದಕ್ಕೇ ಈಗ ಸೊಸೈಟಿ ಗೇಟಿನಲ್ಲಿ ಅವನನ್ನು ಒಳಗೆ ಬಿಡುತ್ತಿಲ್ಲವಂತೆ. ಭಾಭಿಗೂ ಗೇಟಿನವರಿಗೂ ನಿಜ ಹೇಳಿ ಅವನನ್ನು ಕರೆದುಕೊಂಡು ಬರಲು ಹೋಗುತ್ತಿದ್ದೇನೆ. ಇಬ್ಬರಿಗೂ ಶುಂಠಿ ಚಹಾ ಮಾಡಿಡು.

ನಾನು ಸುಳ್ಳು ಹೇಳುವಾಗ ನೀನು ಅದೇ ದೋಸೆ ಹೆಂಚು ಒರೆಸುತ್ತಿದ್ದೆ. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಅನೂಪ್