ನಿಮ್ಮ ‘ಆಯ್ತು’

ಹೊಳೆದಂಡೆಯ ಮನೆ,
ಮಂಗಳವಾರ, ಮಧ್ಯಾಹ್ನ

ನಮ್ಮ ಮನೆಯ ಯಜಮಾನರಿಗೆ ನಮಸ್ಕಾರ.

ಕಣ್ಣಿನ ಆಪರೇಷನ್ ಸುಸೂತ್ರವಾಗಿ ಮುಗಿಯಿತೆಂದು ಅಳಿಯ ತಿಳಿಸಿದ. ನೋವು ಹೇಗಿದೆ? ಪಟ್ಟಿ ಬಿಚ್ಚುವವರೆಗೆ ಕಣ್ಣು ಉಜ್ಜಬೇಡಿ, ಮೊಮ್ಮಗಳನ್ನು ಹೆಗಲ ಮೇಲೆ ಹೊತ್ತು ಕುಣಿಯಬೇಡಿ. ಫೋನಿನಲ್ಲಿ ಬೈದರೆ ‘ಕೇಳಿಸ್ತಿಲ್ಲ ಕಣೇ’ ಎಂದು ಇಟ್ಟುಬಿಡುತ್ತೀರಿ, ಅದಕ್ಕೇ ಈ ಕಾಗದ. ಮಗಳು ಓದಿ ಹೇಳಬೇಕಲ್ಲ ಎಂದು ಅರ್ಧ ಬೈಗುಳ ನುಂಗಿಕೊಂಡೇ ಬರೆಯುತ್ತಿದ್ದೇನೆ.

ನಿನ್ನೆ ಆ ಇಂಜಿನಿಯರ್ ಮತ್ತೆ ಬಂದಿದ್ದ. ನಾವು ಬಲೆ ಒಣಹಾಕುವ ಬಂಡೆಗೆ ಕೆಂಪು ಬಣ್ಣದ ಗುರುತು ಬಳಿಸಿದ. ಅಣೆಕಟ್ಟಿನ ಗೋಡೆ ಅಲ್ಲಿಂದಲೇ ಏಳುತ್ತದಂತೆ. ಹೊಲಿಯುತ್ತಿದ್ದ ಬಲೆ ಬಿಸಾಡಿ ಓಡಿಹೋಗಿ, ‘ಇದಕ್ಕೆ ಯಾರಪ್ಪಾ ಒಪ್ಪಿದ್ದು?’ ಎಂದೆ. ‘ಮೀನುಗಾರರ ಸಂಘದ ಅಧ್ಯಕ್ಷರು, ನಿಮ್ಮ ಯಜಮಾನ್ರೇ ಆಯ್ತು ಅಂದ್ರಲ್ಲಮ್ಮಾ’ ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ನಿಮ್ಮ ‘ಆಯ್ತು’ ಎಂದರೆ ‘ಸಾಕು, ಬಾಯಿ ಮುಚ್ಚು’ ಎಂದು ಈ ಮನೆಯ ಬೆಕ್ಕಿಗೂ ಗೊತ್ತು. ಹೆಂಚು ಸರಿಮಾಡಿ ಎಂದಾಗಲೂ ಆಯ್ತು ಅಂದಿದ್ದಿರಿ. ಸೂರು ಇನ್ನೂ ಸೋರುತ್ತಿದೆ. ಅವತ್ತು ಶಾಲೆಯಲ್ಲಿ ಸಭೆ ಸೇರಿಸಿ ಆತ ಗಂಟೆಗಟ್ಟಲೆ ತಲೆ ಕೊರೆದ. ನೀವು ‘ಆಯ್ತು, ಏಳ್ರಪ್ಪಾ’ ಎಂದು ಟವೆಲ್ ಕೊಡವಿ ಎದ್ದಿರಿ, ನಾವೂ ಹಿಂದೆಯೇ ಎದ್ದು ಬಂದೆವು. ಅದನ್ನೇ ಇಡೀ ದಂಡೆಯ ಒಪ್ಪಿಗೆ ಎಂದು ಮೇಲಿನವರಿಗೆ ಮುಟ್ಟಿಸಿದ್ದಾನೆ. ತಿಳಿಯದೆ ಮಾಡಿದನಂತೆ! ಹೆಂಡತಿ ಮಕ್ಕಳಿರುವ ಗಂಡಸಿಗೆ ಈ ಮಾತಿನ ಅರ್ಥ ಗೊತ್ತಿಲ್ಲ ಎಂದರೆ ನಾನು ನಂಬಬೇಕೇ?

ಹೊಳೆಯ ನೀರು ಸುಮ್ಮನೆ ಸಮುದ್ರಕ್ಕೆ ಸೇರಿ ಹಾಳಾಗುತ್ತಿದೆಯಂತೆ. ಸಮುದ್ರಕ್ಕಲ್ಲದೆ ಇವನ ಅತ್ತೆ ಮನೆಗೆ ಹೋಗಬೇಕಿತ್ತೇ? ಹೊಸ ನೀರು ಇಳಿದ ಕೂಡಲೇ ಮೀನು ಸಮುದ್ರದಿಂದ ಏರಿ ಬಂದು ಮೇಲಿನ ಮಡುಗಳಲ್ಲಿ ಮೊಟ್ಟೆ ಇಡುತ್ತದೆ. ಗೋಡೆ ಎದ್ದರೆ ಅದಕ್ಕೆ ತಲೆ ಚಚ್ಚಿಕೊಂಡು ಸಾಯುತ್ತದೆ. ಆಮೇಲೆ ನಾವು ಬರಿ ಬಲೆ ಹೊದ್ದು ಮಲಗಬೇಕು. ಇಷ್ಟನ್ನು ಅವತ್ತು ಎದ್ದು ನಿಂತು ಹೇಳಲು ನಿಮಗೇನಾಗಿತ್ತು? ನನ್ನ ಜೊತೆ ಜಗಳಕ್ಕೆ ನಿಂತರೆ ನಿಮ್ಮ ಗಂಟಲು ಆಚೆ ದಡಕ್ಕೂ ಕೇಳಿಸುತ್ತದೆ. ಅವನ ಮೇಲಿರುವಷ್ಟೇ ಕೋಪ ನಿಮ್ಮ ಮೇಲೂ ಇದೆ. ಮಗಳೇ, ಈ ಸಾಲನ್ನು ಹಾರಿಸಬೇಡ, ಎರಡು ಸಲ ಓದು.

ಮಗಳು ಅಳಿಯನಿಗೆ ಆಶೀರ್ವಾದ, ಮೊಮ್ಮಗಳಿಗೆ ಮುತ್ತು. ಕಣ್ಣಿಗೆ ಔಷಧಿ ಹೊತ್ತಿಗೆ ಸರಿಯಾಗಿ ಬಿಡಿಸಿಕೊಳ್ಳಿ.

ಎಷ್ಟು ಸಿಟ್ಟಿದ್ದರೂ ನಿಮ್ಮವಳೇ,
ಮನೆಯವಳು

ಇನ್ನೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಸಂಘದವರೆಲ್ಲ ಬಂದರು. ಶುಕ್ರವಾರ ದೊಡ್ಡ ಅಧಿಕಾರಿಯೇ ಬರುತ್ತಾರಂತೆ. ಅಧ್ಯಕ್ಷರು ಆಡಿದ ಮಾತನ್ನು ಅಧ್ಯಕ್ಷರೇ ಹಿಂದಕ್ಕೆ ತೆಗೆದುಕೊಳ್ಳಬೇಕಂತೆ. ಅದಕ್ಕೇ ನಿಮ್ಮನ್ನು ಇಳಿಸಿ ನನ್ನನ್ನು ಕೂರಿಸಿದ್ದಾರೆ. ಮೊದಲು ಕೈ ಎತ್ತಿದವನು ನಿಮ್ಮ ತಮ್ಮ. ಅಣೆಕಟ್ಟು ಬೇಡ ಎಂದು ಆ ಅಧಿಕಾರಿಯ ಮುಖಕ್ಕೇ ಹೇಳುತ್ತೇನೆ. ನೀವು ನಿಧಾನವಾಗಿ ವಾಸಿಮಾಡಿಕೊಂಡು ಬನ್ನಿ, ಮುಂದಿನ ಸಭೆಗಳಲ್ಲಿ ನನ್ನ ಹಿಂದೆ ಕೂರಬಹುದು.